ಹಿತ್ತಾಳೆ ಕಿವಿ

ದುರ್ಗಿಗುಡಿಯ ಸಹಕಾರ ಸಂಘದ ಮೆಟ್ಟಿಲ ಕೆಳಗೆ
ಪೊರಕೆ, ಗೆದ್ದಲು ತಿಂದ ಲೆಡ್ಜರು, ಸುಟ್ಟ ಟ್ಯೂಬ್‌ಲೈಟಿನ ಪಕ್ಕ
ಒಂದು ಕಪ್ಪು ಡಬ್ಬಿ.
ಹಣೆಗೆ ಹೋದ ವರ್ಷದ ಆಯುಧಪೂಜೆಯ ಕುಂಕುಮ,
ಹೊಟ್ಟೆಯೊಳಗೆ ಸಣ್ಣ ಫ್ಯಾನಿನ ಗೊರಕೆ.

ಅದರ ಕೆಲಸ ಕೇಳುವುದು. ಅಷ್ಟೇ.
ಹನ್ನೊಂದು ಶಾಖೆಯ ತಂತಿಯಲ್ಲಿ ಹೋಗಿಬರುವ ಎಲ್ಲದರ
ನಕಲೊಂದು ಇದರ ಕಿವಿಗೆ:
ಭದ್ರಾವತಿಯ ಪಿಂಚಣಿ, ಶಿಕಾರಿಪುರದ ಅಡವು ಚಿನ್ನ,
ಕ್ಯಾಷಿಯರ್ ಸುಗಂಧಿ ಬೆಳಿಗ್ಗೆ ಒತ್ತುವ ಪಾಸ್‌ವರ್ಡು,
ಮಗಳ ಹೆಸರು, ಮುಂದೆ ಹುಟ್ಟಿದ ಇಸವಿ.

"ಅದು ಬಾಯಿ ಬಿಡಲ್ಲ ಮೇಡಂ,
ಬಾಯಿಲ್ಲದ್ದಕ್ಕೆ ಬೀಗ ಯಾಕೆ?" ಅಂದಿದ್ದ
ಕೂರಿಸಿ ಹೋದ ಹುಡುಗ.
ನನಗೂ ಸರಿಯೆನಿಸಿತು.
ವರ್ಷಕ್ಕೊಮ್ಮೆ ತುಂಬುವ ತಪಾಸಣೆಯ ಹಾಳೆಯಲ್ಲಿ
ಅಪಾಯ ಎಂಬ ಕಾಲಮ್ಮಿಗೆ ಅಡ್ಡಗೆರೆ ಎಳೆದೆ.
ಮೂರು ಸಲ.

ಅಪ್ಪನ ಅಕ್ಕ ಗುಲಾಬಿ,
ಹೊಸನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆರಡು ವರ್ಷ.
ತಲೆಗೆ ಹೆಡ್‌ಫೋನು, ಎದುರಿಗೆ ತಂತಿಗಳ ಜಡೆ,
ಊರಿನ ಗುಟ್ಟೆಲ್ಲ ಕಿವಿಯಲ್ಲಿ, ಬಾಯಲ್ಲಿ ಮಾತ್ರ ಕವಳ.
ಯಾರ ಸಂಬಂಧ ಎಷ್ಟು ತೊಲೆಗೆ ಮುರಿಯಿತು ಅಂತ ಕೇಳಿದರೆ
"ನಂಗೇನು ಗೊತ್ತೇ?" ಅಂತ ಎಲೆಗೆ ಸುಣ್ಣ ಹಚ್ಚೋಳು.

ಒಂದು ರಾತ್ರಿ ಸಾಗರದಿಂದ ನಗರಕ್ಕೆ
ಮೂರು ನಿಮಿಷದ ಟ್ರಂಕ್ ಕಾಲ್.
ಎರಡು ನಿಮಿಷ ಕಾಳುಮೆಣಸಿನ ಧಾರಣೆ.
ಆಮೇಲೆ ಆ ದನಿ ತಿರುಗಿತು:
"ಎಕ್ಸ್‌ಚೇಂಜಿನವಳೇ, ಕೇಳ್ತಿದ್ದೀಯಲ್ಲ,
ಇನ್ನು ಹೇಳೋದು ನಿಂಗೆ."

ಏನಂದನೋ ಅತ್ತೆ ಸಾಯುವವರೆಗೂ ಹೇಳಲಿಲ್ಲ.
ತಿರುಗಿ ಒಂದು ಮಾತಾಡಿರಲಿಲ್ಲ ಅವಳು,
ಬರೀ ಕೇಳಿದ್ದಳು.
ಮಾರನೇ ದಿನದಿಂದ ಪ್ಲಗ್ಗು ತಪ್ಪು ತೂತಿಗೆ ಹೋಗತೊಡಗಿತು,
ಪಶು ಆಸ್ಪತ್ರೆ ಕೇಳಿದವರಿಗೆ ಪೊಲೀಸ್ ಠಾಣೆ ಸಿಕ್ಕಿತು.

ಮೊನ್ನೆ ಗುರುವಾರ, ರಾತ್ರಿ ಒಂದೂಕಾಲು.
ವಾಚ್‌ಮನ್ ಡಾಕಪ್ಪನ ಫೋನು:
"ಮೆಟ್ಲು ಕೆಳ್ಗಿನ ಡಬ್ಬಿ ಎರಡ್ನೇ ಕಣ್ಣು ಹೊಡೀತೈತೆ ಮೇಡಂ.
ಈ ಹೊತ್ನಲ್ಲಿ ಯಾವತ್ತೂ ಹೊಡ್ದಿರ್ಲಿಲ್ಲ."

ಎರಡನೇ ತಂತಿ.
ಮ್ಯಾನೇಜರು ವಿನೋಬನಗರದ ಮನೆಯಲ್ಲಿ ಕೂತೇ
ಗ್ರಾಫು ನೋಡಲೆಂದು ಎಂದೋ ಸಿಕ್ಕಿಸಿದ್ದು.
ಬಾಯಿಲ್ಲ ಅಂದಿದ್ದೆವಲ್ಲ.

ಪೊಟ್ಟಣ ಬರುತ್ತವೆ, ಸೆಕೆಂಡಿಗೆ ಸಾವಿರ.
ಡಬ್ಬಿ ಒಂದೊಂದನ್ನೂ ಬಿಚ್ಚಿ ನೋಡುತ್ತದೆ,
ಬಿಚ್ಚದೆ ತಿಳಿಯುವುದಾದರೂ ಹೇಗೆ?
ಯಾರೋ ಒಂದನ್ನು ಕಟ್ಟಿದ್ದಾರೆ
ಭದ್ರಾವತಿ ಶಾಖೆಯ ಪ್ರಿಂಟರಿನ ವಿಳಾಸ ಹಾಕಿ,
ಮೇಲೆ ನೂರು ಗ್ರಾಂ ಅಂತ ಬರೆದು
ಒಳಗೆ ಎರಡು ಕಿಲೋ ತುರುಕಿ.
ಪ್ರಿಂಟರು ಮೂಸಿಯೂ ನೋಡಲಿಲ್ಲ.
ಇದು ನಂಬಿತು.
ನೂರು ಗ್ರಾಮಿನ ಬಟ್ಟಲು ಹಿಡಿಯಿತು.
ತುಳುಕಿದ್ದು ಪಕ್ಕದ ಬಟ್ಟಲಿಗೆ, ಅದರಾಚೆಗೆ,
ಮುಂದೇನು ಮಾಡಬೇಕೆಂದು ಡಬ್ಬಿ ತನಗೆ ತಾನೇ
ಬರೆದಿಟ್ಟುಕೊಂಡಿದ್ದ ಚೀಟಿಯ ಮೇಲೆ.
ಆಮೇಲೆ ಚೀಟಿಯಲ್ಲಿ ಇದ್ದದ್ದು ಬೇರೆಯವರ ಅಕ್ಷರ.

ಸ್ಕೂಟರು ಗೋಡೆಗೆ ಒರಗಿಸಿ, ಹೆಲ್ಮೆಟ್ಟೂ ತೆಗೆಯದೆ
ತಂತಿ ಕಿತ್ತೆ. ಕಣ್ಣು ಆರಿತು.
ಅಷ್ಟರಲ್ಲಿ ಎಷ್ಟು ಹೋಗಿತ್ತೋ,
ಮೂರು ವರ್ಷ ಕಿವಿಯಲ್ಲಿ ಕೂಡಿಟ್ಟದ್ದರಲ್ಲಿ.
ಸುಗಂಧಿಯ ಮಗಳ ಹೆಸರು
ಯಾವ ದೇಶದಲ್ಲಿ ಯಾರು ಓದುತ್ತಿದ್ದರೋ.

"ಕೆಟ್ಟೋಯ್ತಾ ಮೇಡಂ?" ಡಾಕಪ್ಪ ಟಾರ್ಚು ಹಿಡಿದಿದ್ದ.
"ಇಲ್ಲ, ಚೆನ್ನಾಗೇ ಕೇಳಿಸುತ್ತೆ ಇದಕ್ಕೆ."
ಪಿಸುಗುಟ್ಟಿದ್ದೆ. ಯಾಕೋ ಅವನೂ ಪಿಸುಗುಟ್ಟಿದ:
"ಹಂಗಾದ್ರೆ ಹೊರಗ್ ಬನ್ನಿ, ಅಲ್ಲೇ ಮಾತಾಡಣ."

ಕಪಾಟಿನಿಂದ ಹಾಳೆ ತೆಗೆದೆ.
ಅಪಾಯದ ಕೆಳಗೆ ಮೂರು ಅಡ್ಡಗೆರೆ,
ಮೂರರ ಮುಂದೆಯೂ ನನ್ನ ದುಂಡು ಸಹಿ.
ನಾಲ್ಕನೇ ಸಾಲಿಗೆ ಪೆನ್ನಿಟ್ಟು
ದೊಡ್ಡ ವರದಿಯನ್ನೇ ಬರೆಯಲು ಹೊರಟವಳು
ಕೇಳುತ್ತದೆ
ಅಂತ ಬರೆದು, ತಾರೀಕು ಹಾಕಿದೆ.